ಮನೆಯೊಡನೆ ಕಡಲು ದಾಟುವ ಮುನ್ನ

ಇಂಗ್ಲೆಂಡಿನ ಆಗ್ನೇಯ ತುದಿಯಲ್ಲಿ, ಸೀಮೆಸುಣ್ಣದ ಬಿಳಿಯ ಬಂಡೆಗಳ ಬುಡದಲ್ಲಿ, ಡೋವರ್ ಎಂಬ ಬಂದರಿದೆ. ಬೇಸಗೆಯ ಒಂದು ಮುಂಜಾನೆ ಅಲ್ಲಿ ನಿಂತು ನೋಡುವವರಿಗೆ ವಿಚಿತ್ರವಾದ ಮೆರವಣಿಗೆಯೊಂದು ಕಾಣಸಿಗುತ್ತದೆ. ಕಾರುಗಳ ಹಿಂದೆ ಗಾಲಿಗಳ ಮೇಲೆ ಉರುಳುವ ಪುಟ್ಟ ಪುಟ್ಟ ಮನೆಗಳು ಸಾಲುಗಟ್ಟಿ ನಿಂತಿರುತ್ತವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ತಂಪುಪೆಟ್ಟಿಗೆ ಎಲ್ಲವೂ ಅವುಗಳಲ್ಲಿ ಉಂಟು. ಇವಕ್ಕೆ ಕ್ಯಾರವಾನ್ ಎಂದು ಹೆಸರು. ಮನೆ ಮತ್ತು ಎಂಜಿನು ಒಂದೇ ಚೌಕಟ್ಟಿನ ಮೇಲಿದ್ದರೆ ಅದನ್ನು ಮೋಟಾರು ಮನೆ ಎನ್ನಬಹುದು. ಹಡಗಿನ ಬಾಗಿಲು ತೆರೆದೊಡನೆ ಈ ಮನೆಗಳು ಒಂದರ ಹಿಂದೊಂದು ಅದರ ಹೊಟ್ಟೆಯನ್ನು ಹೊಗುತ್ತವೆ. ಸುಮಾರು ಒಂದೂವರೆ ಗಂಟೆಯ ತರುವಾಯ ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಮತ್ತೆ ನೆಲಕ್ಕಿಳಿಯುತ್ತವೆ.

ವಾಹನವನ್ನು ನೀರಿನ ಮೇಲೆ ದಾಟಿಸುವುದು ನಮಗೇನೂ ಹೊಸತಲ್ಲ. 2025ರಲ್ಲಿ ಸೇತುವೆ ತೆರೆಯುವ ತನಕ ಸಿಗಂದೂರಿಗೆ ಹೋಗುತ್ತಿದ್ದವರು ಶರಾವತಿಯ ಹಿನ್ನೀರನ್ನು ಲಾಂಚಿನಲ್ಲಿ, ತಾವು ಬಂದ ಬಸ್ಸು ಕಾರುಗಳ ಸಮೇತ, ದಾಟುತ್ತಿದ್ದರು. ಆದರೆ ಹಿನ್ನೀರು ಬೇರೆ, ಕಡಲು ಬೇರೆ. ಕಡಲ ಮೇಲೆ ಹಡಗು ಹೊರಳುತ್ತದೆ, ಏಳುತ್ತದೆ, ಬೀಳುತ್ತದೆ. ಅದರ ಹೊಟ್ಟೆಯಲ್ಲಿರುವ ಪ್ರತಿಯೊಂದು ವಸ್ತುವೂ ತನ್ನ ಜಾಗ ಬಿಟ್ಟು ಚಲಿಸಲು ಹವಣಿಸುತ್ತಿರುತ್ತದೆ.

ಹೊರಡುವ ಮುನ್ನ ಹಡಗಿನವರು ಪ್ರಯಾಣಿಕರಿಗೆ ಕೆಲವು ಸೂಚನೆಗಳನ್ನು ಕೊಡುತ್ತಾರೆ. ವಾಹನದ ಉದ್ದ ಮತ್ತು ಎತ್ತರಗಳನ್ನು ಸರಿಯಾಗಿ ತಿಳಿಸಿರಿ, ಅನಿಲದ ಸಿಲಿಂಡರನ್ನು ಮುಚ್ಚಿರಿ, ಕೈಬ್ರೇಕು ಹಾಕಿರಿ, ಹಡಗು ಹೊರಟ ಮೇಲೆ ವಾಹನದಲ್ಲಿ ಉಳಿಯಬೇಡಿರಿ. ಮೇಲ್ನೋಟಕ್ಕೆ ಇವು ಕ್ಷುಲ್ಲಕವಾಗಿ ಕಾಣಬಹುದು. ಆದರೆ ಪ್ರತಿಯೊಂದರ ಹಿಂದೆಯೂ ನಾವು ಶಾಲೆಯಲ್ಲಿ ಓದುವ ಭೌತವಿಜ್ಞಾನದ ನಿಯಮವೊಂದಿದೆ. ಕೆಲವು ನಿಯಮಗಳನ್ನಂತೂ ಮನುಷ್ಯನು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದ್ದಾನೆ. ಅವನ್ನು ಒಂದೊಂದಾಗಿ ನೋಡೋಣ.

ಎತ್ತಿ ಇಳಿಸುವ ಕಾಲದಿಂದ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರನ್ನು ಕಡಲಾಚೆಗೆ ಒಯ್ಯಬೇಕೆಂದರೆ ಅದನ್ನು ಸರಕಿನ ಪೆಟ್ಟಿಗೆಯಂತೆ ಕ್ರೇನಿನಿಂದ ಎತ್ತಿ ಹಡಗಿನೊಳಕ್ಕೆ ಇಳಿಸಬೇಕಾಗಿತ್ತು. 1928ರಲ್ಲಿ ಡೋವರಿನಿಂದ ಕಾರುಗಳಿಗೆಂದೇ ಹಡಗನ್ನು ಓಡಿಸಲು ತೊಡಗಿದ ಟೌನ್‌ಸೆಂಡ್ ಸಹೋದರರ ಸಂಸ್ಥೆಯೂ ಮೊದಲು ಇದೇ ಮಾರ್ಗವನ್ನು ಅನುಸರಿಸಿತು. ಹಗ್ಗದ ತುದಿಯಲ್ಲಿ ತೂಗಾಡುವ ತನ್ನ ಕಾರನ್ನು ಕಂಡು ಮಾಲೀಕನ ಎದೆ ಎಷ್ಟು ಹೊಡೆದುಕೊಂಡಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

1953ರ ಜೂನ್ ತಿಂಗಳಲ್ಲಿ ಡೋವರಿನ ಪೂರ್ವ ಧಕ್ಕೆಯಲ್ಲಿ, ವಾಹನವನ್ನು ನೇರವಾಗಿ ಹಡಗಿನೊಳಕ್ಕೆ ಓಡಿಸಿಕೊಂಡು ಹೋಗುವ ಏರ್ಪಾಡು ಬಂದಿತು. ಇಂಥ ಹಡಗಿನ ರಚನೆ ಸರಳವಾದುದು. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ಅಡ್ಡಗೋಡೆಗಳಿಲ್ಲದ ಉದ್ದನೆಯ ಅಂತಸ್ತು. ಒಂದು ಬಾಗಿಲಿನಿಂದ ಹತ್ತಿದ ವಾಹನ ಎದುರು ಬಾಗಿಲಿನಿಂದ ಇಳಿದು ಹೋಗುತ್ತದೆ. ಹಿಮ್ಮುಖವಾಗಿ ತಿರುಗಿಸುವ ಕಷ್ಟವಿಲ್ಲ. ಕ್ಯಾರವಾನ್ ಎಳೆಯುವವರಿಗಂತೂ ಇದು ಮಹದುಪಕಾರ. ಈ ಅನುಕೂಲದೊಳಗೇ ಒಂದು ಅಪಾಯ ಅಡಗಿ ಕುಳಿತಿತ್ತು. ಅದನ್ನು ಮುಂದೆ ವಿವರಿಸುತ್ತೇವೆ.

ತೂಕವನ್ನು ಎಲ್ಲಿ ಇಡಬೇಕು?

ಸಿದ್ಧತೆ ಮನೆಯ ಅಂಗಳದಲ್ಲಿಯೇ ಪ್ರಾರಂಭವಾಗಬೇಕು. ಕ್ಯಾರವಾನಿಗೆ ಸಾಮಾನ್ಯವಾಗಿ ನಡುವೆ ಒಂದೇ ಅಚ್ಚು ಇರುವುದರಿಂದ ಅದು ತಕ್ಕಡಿಯ ದಂಡಿಯಂತೆ ವರ್ತಿಸುತ್ತದೆ. ಅದರ ಮುಂತುದಿ ಕಾರಿನ ಕೊಕ್ಕೆಯ ಮೇಲೆ ಸ್ವಲ್ಪ ಭಾರ ಹೇರಬೇಕು. ಈ ಭಾರ ಕ್ಯಾರವಾನಿನ ಒಟ್ಟು ತೂಕದ ನೂರರಲ್ಲಿ 5ರಿಂದ 7 ಪಾಲು ಇದ್ದರೆ ಒಳ್ಳೆಯದೆಂದು ಅನುಭವದಿಂದ ತಿಳಿದುಬಂದಿದೆ. 1300 ಕಿಲೋಗ್ರಾಂ ತೂಕದ ಕ್ಯಾರವಾನಿಗೆ ಇದು 65ರಿಂದ 91 ಕಿಲೋಗ್ರಾಂ ಆಗುತ್ತದೆ. ಆದರೆ ಕಾರಿನ ಕೊಕ್ಕೆ ತಾಳಬಲ್ಲ ಮಿತಿಯನ್ನು ಅದು ಮೀರಬಾರದು.

ಕೊಕ್ಕೆಯು ಅಚ್ಚಿನಿಂದ 4 ಮೀಟರ್ ದೂರದಲ್ಲಿದೆ ಎನ್ನೋಣ. 20 ಕಿಲೋಗ್ರಾಂ ತೂಗುವ ಒಂದು ಪೆಟ್ಟಿಗೆಯನ್ನು ಅಚ್ಚಿನ ಹಿಂದೆ 2 ಮೀಟರ್ ದೂರದಲ್ಲಿ ಇಟ್ಟರೆ, ಸನ್ನೆಯ ನಿಯಮದಂತೆ ಕೊಕ್ಕೆಯ ಮೇಲಣ ಭಾರ 10 ಕಿಲೋಗ್ರಾಂ ಕಡಮೆಯಾಗುತ್ತದೆ. ಅದನ್ನೇ ಅಚ್ಚಿನ ಮುಂದೆ ಅಷ್ಟೇ ದೂರದಲ್ಲಿ ಇಟ್ಟರೆ 10 ಕಿಲೋಗ್ರಾಂ ಹೆಚ್ಚುತ್ತದೆ. ಹಿಂಭಾರ ಮಿತಿಮೀರಿದ ಕ್ಯಾರವಾನು ವೇಗದಲ್ಲಿ ಹಾವಿನ ಬಾಲದಂತೆ ಎಡಬಲಕ್ಕೆ ಓಲಾಡತೊಡಗಿ ಕೊನೆಗೆ ಕಾರನ್ನೇ ಉರುಳಿಸಬಹುದು.

ಹಾಗೆಂದು ಭಾರವನ್ನೆಲ್ಲ ಮುಂತುದಿಗೆ ತುಂಬಿದರೂ ಸರಿಯಲ್ಲ. ಓಲಾಟವನ್ನು ತಡೆಯುವುದು ಎಷ್ಟು ಕಷ್ಟವೆಂಬುದು ಜಡತ್ವದ ಭ್ರಾಮಕವನ್ನು ಅವಲಂಬಿಸಿದೆ. ಅದು ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅಚ್ಚಿನಿಂದ ಅರ್ಧ ಮೀಟರ್ ದೂರದಲ್ಲಿರುವ ಚೀಲವನ್ನು 2.5 ಮೀಟರ್ ದೂರಕ್ಕೆ ಒಯ್ದರೆ ಅದರ ಪಾಲಿನ ಭ್ರಾಮಕ 5 ಪಟ್ಟಲ್ಲ, 25 ಪಟ್ಟು ಹೆಚ್ಚುತ್ತದೆ. ಆದುದರಿಂದ ಭಾರವಾದ ಸಾಮಾನುಗಳು ಅಚ್ಚಿನ ಸಮೀಪದಲ್ಲಿ, ನೆಲಕ್ಕೆ ಹತ್ತಿರವಾಗಿ ಇರಬೇಕು. ಹಗುರವಾದ ಬಟ್ಟೆಬರೆಗಳು ಮೇಲಿನ ಗೂಡುಗಳಲ್ಲಿ ಇರಬಹುದು.

ನೀರಿನ ತೊಟ್ಟಿಯನ್ನು ಮರೆಯಬಾರದು. ಒಂದು ಮೋಟಾರು ಮನೆಯ ತೊಟ್ಟಿ 100 ಲೀಟರ್ ಹಿಡಿಸುವುದಾದರೆ ತುಂಬಿದಾಗ ಆ ನೀರೇ 100 ಕಿಲೋಗ್ರಾಂ ತೂಗುತ್ತದೆ. ಆದರೂ ತುಂಬಿದ ತೊಟ್ಟಿಗಿಂತ ಅರೆ ತುಂಬಿದ ತೊಟ್ಟಿಯ ಸ್ವಭಾವ ಕೆಟ್ಟದ್ದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ. ತುಂಬಿದ ತೊಟ್ಟಿಯ ನೀರಿಗೆ ಓಡಾಡಲು ಎಡೆಯಿಲ್ಲ. ಅರೆ ತುಂಬಿದಾಗ ವಾಹನ ಯಾವ ಕಡೆಗೆ ವಾಲುವುದೋ ನೀರೂ ಅದೇ ಕಡೆಗೆ ಧಾವಿಸಿ ಆ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಡಗಿನ ಕಥೆಯಲ್ಲಿ ಇದೇ ತತ್ತ್ವ ಭಯಂಕರ ರೂಪದಲ್ಲಿ ಮತ್ತೆ ಎದುರಾಗುತ್ತದೆ.

ಅಳತೆ, ಇಳಿಜಾರು, ಉಬ್ಬರವಿಳಿತ

ವಾಹನಗಳನ್ನು ಒಯ್ಯುವ ಹಡಗಿನ ಹಿಡಿಸುವಿಕೆಯನ್ನು ಅಳೆಯುವ ಮಾನಗಳಲ್ಲಿ ಒಂದು, ಅದರ ವಾಹನಸಾಲುಗಳ ಒಟ್ಟು ಉದ್ದ. ಕಾರು 4.5 ಮೀಟರ್, ಕ್ಯಾರವಾನು 7 ಮೀಟರ್ ಎಂದರೆ ಹಡಗಿನ ಪಾಲಿಗೆ ಅವೆರಡೂ ಸೇರಿ ಒಂದೇ ವಾಹನ, ಉದ್ದ 11.5 ಮೀಟರ್. ಕ್ಯಾರವಾನಿನ ಮುಂಚಾಚಿದ ಎಳೆಗಂಬವನ್ನೂ ಹಿಂದೆ ಕಟ್ಟಿದ ಸೈಕಲ್ಲುಗಳನ್ನೂ ಈ ಅಳತೆಯಲ್ಲಿ ಸೇರಿಸಿಕೊಳ್ಳಬೇಕು. ಎತ್ತರವನ್ನು ಅಳೆಯುವಾಗ ಛಾವಣಿಯ ಮೇಲಣ ಪೆಟ್ಟಿಗೆ, ಕಿಟಕಿ, ಆಂಟೆನಾಗಳನ್ನು ಬಿಡಬಾರದು. ಹಡಗಿನ ಕೆಲವು ಅಂತಸ್ತುಗಳ ಮಾಡು ಬಹಳ ತಗ್ಗು. ಅಲ್ಲಿ ಹತ್ತು ಸೆಂಟಿಮೀಟರಿನ ತಪ್ಪು ಕೂಡ ಛಾವಣಿಯನ್ನು ಕೀಳಬಲ್ಲುದು.

ದಡದಿಂದ ಹಡಗಿಗೆ ಹೋಗುವ ದಾರಿ ಒಂದು ಚಲಿಸುವ ಸೇತುವೆ. ಚಲಿಸಬೇಕೇಕೆ? ಹಡಗು ನೀರಿನೊಡನೆ ಏರಿಳಿಯುತ್ತದೆ, ದಡ ನಿಂತಲ್ಲೇ ಇರುತ್ತದೆ. ಮಂಗಳೂರಿನ ಕಡಲಲ್ಲಿ ಉಬ್ಬರವಿಳಿತಗಳ ಅಂತರ ಒಂದೂವರೆ ಮೀಟರಿನ ಆಸುಪಾಸಿನದು. ಡೋವರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ಅದು ಸುಮಾರು 6 ಮೀಟರ್. ಫ್ರಾನ್ಸಿನ ಸೇಂಟ್ ಮಾಲೋ ಬಂದರಿನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ 12 ಮೀಟರನ್ನೂ ಮುಟ್ಟುತ್ತದೆ. ನೀರು ಇಳಿದಾಗ ಸೇತುವೆ ಕಡಿದಾದ ಇಳಿಜಾರಾಗುತ್ತದೆ. ಇಳಿಜಾರು ಮುಗಿದು ಸಮತಲ ಆರಂಭವಾಗುವ ಮೂಲೆಯಲ್ಲಿ ಕ್ಯಾರವಾನಿನ ಚಾಚಿದ ಹಿಂಭಾಗವೋ, ಮೇಲಕ್ಕೆ ಎತ್ತಿಕೊಳ್ಳದ ಚಿಕ್ಕ ಗಾಲಿಯೋ ನೆಲಕ್ಕೆ ಉಜ್ಜುವುದುಂಟು. ಆದುದರಿಂದ ಚಿಕ್ಕ ಗಾಲಿಯನ್ನೂ ನಾಲ್ಕು ಮೂಲೆಗಳ ಊರೆಗಾಲುಗಳನ್ನೂ ಪೂರ್ತಿಯಾಗಿ ಮೇಲೆತ್ತಿ ಬಿಗಿಯಬೇಕು.

ಘರ್ಷಣೆಯ ಭರವಸೆ ಎಷ್ಟು?

ಹಡಗಿನ ಅಂತಸ್ತು ಉಕ್ಕಿನದು, ಅನೇಕ ವೇಳೆ ಒದ್ದೆಯಾದುದು. ಹಡಗು 15 ಡಿಗ್ರಿ ವಾಲಿದಾಗ 1500 ಕಿಲೋಗ್ರಾಂ ತೂಕದ ಕ್ಯಾರವಾನನ್ನು ಪಕ್ಕಕ್ಕೆ ಜಗ್ಗುವ ಬಲವೆಷ್ಟು? ತೂಕವನ್ನು 15 ಡಿಗ್ರಿಯ ಸೈನಿನಿಂದ, ಎಂದರೆ 0.26ರಿಂದ, ಗುಣಿಸಿದರೆ ಉತ್ತರ ದೊರೆಯುತ್ತದೆ. ಅದು ಸುಮಾರು 390 ಕಿಲೋಗ್ರಾಂ ಭಾರಕ್ಕೆ ಸಮ. ಇದನ್ನು ತಡೆಹಿಡಿಯುವುದು ಟೈರು ಮತ್ತು ಉಕ್ಕಿನ ನಡುವಣ ಘರ್ಷಣೆ. ಘರ್ಷಣಾಂಕವನ್ನು 0.3 ಎಂದು ಇಟ್ಟುಕೊಂಡರೆ ಸುಮಾರು 17 ಡಿಗ್ರಿಯ ವಾಲಿನಲ್ಲಿ ವಾಹನ ಜಾರತೊಡಗುತ್ತದೆ. ಅಲೆಯ ಮೇಲೆ ಹಡಗು ನಿಧಾನವಾಗಿ ವಾಲಿ ನಿಲ್ಲುವುದಿಲ್ಲ, ಜೋಕಾಲಿಯಂತೆ ತೂಗುತ್ತದೆ. ಆ ತೂಗಾಟದ ವೇಗೋತ್ಕರ್ಷವೂ ಸೇರಿದರೆ ಘರ್ಷಣೆಯ ಭರವಸೆ ಇನ್ನೂ ಕಡಮೆ. ಆದುದರಿಂದಲೇ ಕೈಬ್ರೇಕು ಹಾಕುವುದು, ಗೇರಿನಲ್ಲಿ ಇಡುವುದು, ಗಾಲಿಗೆ ಅಡೆ ಕೊಡುವುದು. ಕಡಲು ಒರಟಾಗಿದ್ದರೆ ನಾವಿಕರು ವಾಹನಗಳನ್ನು ಪಟ್ಟಿ ಸರಪಳಿಗಳಿಂದ ಅಂತಸ್ತಿಗೇ ಕಟ್ಟುತ್ತಾರೆ.

ಕ್ಯಾರವಾನಿನ ಒಳಗಿನ ಪಾತ್ರೆ ಪಡಗಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಬೀರುವಿನ ಚಿಲಕ ಸಡಿಲವಾಗಿದ್ದರೆ ಮೊದಲ ದೊಡ್ಡ ಅಲೆ ಅದನ್ನು ಕಂಡುಹಿಡಿಯುತ್ತದೆ. ಕಳ್ಳರನ್ನು ಎಚ್ಚರಿಸಲು ಕಾರಿನಲ್ಲಿ ಅಳವಡಿಸಿದ ಗಂಟೆಗೆ ವಾಲುವಿಕೆಯನ್ನು ಗುರುತಿಸುವ ಅಂಗವಿದ್ದರೆ ಅದನ್ನು ಮುಂಚಿತವಾಗಿ ನಿಲ್ಲಿಸಬೇಕು. ಇಲ್ಲವಾದರೆ ಅಲೆಯನ್ನೇ ಕಳ್ಳನೆಂದು ಬಗೆದು ಅದು ಬ್ಯಾಟರಿ ಬರಿದಾಗುವ ತನಕ ಕೂಗುತ್ತಿರುತ್ತದೆ.

ಕಾಣದ ಪ್ರಯಾಣಿಕ

ಈಗ ಅನಿಲದ ವಿಚಾರ. ಕ್ಯಾರವಾನಿನ ಒಲೆಗೂ ನಮ್ಮ ಅಡಿಗೆಮನೆಯ ಒಲೆಗೂ ಒಂದೇ ಜಾತಿಯ ಇಂಧನ. ಅದು ಒತ್ತಡದಿಂದ ದ್ರವವಾದ ಪ್ರೋಪೇನ್ ಮತ್ತು ಬ್ಯೂಟೇನ್ ಅನಿಲ. ವಾಯುಮಂಡಲದ ಒತ್ತಡದಲ್ಲಿ ಬ್ಯೂಟೇನ್ ಸೊನ್ನೆ ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿಯೂ ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತವೆ. ಆದುದರಿಂದ ಹಿಮ ಬೀಳುವ ನಾಡಿಗೆ ಹೊರಟವರು ಪ್ರೋಪೇನನ್ನೇ ಒಯ್ಯಬೇಕು. ಕೊರೆಯುವ ಚಳಿಯಲ್ಲಿ ಬ್ಯೂಟೇನ್ ಸಿಲಿಂಡರಿನೊಳಗೆ ದ್ರವವಾಗಿಯೇ ಉಳಿದು ಒಲೆ ಉರಿಯುವುದಿಲ್ಲ.

ಅಪಾಯದ ಗುಟ್ಟು ಅಣುತೂಕದಲ್ಲಿದೆ. ಗಾಳಿಯ ಸರಾಸರಿ ಅಣುತೂಕ 29, ಪ್ರೋಪೇನಿನದು 44, ಬ್ಯೂಟೇನಿನದು 58. ಎಂದರೆ ಈ ಅನಿಲಗಳು ಗಾಳಿಗಿಂತ ಒಂದೂವರೆ ಪಟ್ಟು ಮತ್ತು ಎರಡು ಪಟ್ಟು ಭಾರ. ಸೋರಿದ ಅನಿಲ ಹೊಗೆಯಂತೆ ಮೇಲೇರದೆ ನೀರಿನಂತೆ ಕೆಳಗಿಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಇದನ್ನು ಅರಿತೇ ಕ್ಯಾರವಾನಿನ ನೆಲದಲ್ಲಿ ರಂಧ್ರಗಳನ್ನು ಇಟ್ಟಿರುತ್ತಾರೆ. ರಸ್ತೆಯ ಮೇಲಿದ್ದಾಗ ಸೋರಿದ ಅನಿಲ ಅವುಗಳ ಮೂಲಕ ಹೊರಬಿದ್ದು ಗಾಳಿಗೆ ಹಾರಿಹೋಗುತ್ತದೆ. ಹಡಗಿನಲ್ಲಿ ಅದು ಹೊರಬೀಳುವುದು ಎಲ್ಲಿಗೆ? ನಾಲ್ಕೂ ಕಡೆ ಮುಚ್ಚಿದ ಅಂತಸ್ತಿನ ಮೇಲಕ್ಕೆ. ಅಲ್ಲಿ ನೂರಾರು ವಾಹನಗಳೂ ಅವುಗಳ ತೊಟ್ಟಿಗಳಲ್ಲಿ ಪೆಟ್ರೋಲೂ ಇರುತ್ತವೆ. ರಸ್ತೆಯ ಮೇಲೆ ರಕ್ಷಿಸುತ್ತಿದ್ದ ರಂಧ್ರ ಹಡಗಿನಲ್ಲಿ ನೆರೆಹೊರೆಯವರಿಗೆ ಅಪಾಯವನ್ನು ಹಂಚುತ್ತದೆ.

ಒಂದು ಚಿಕ್ಕ ಲೆಕ್ಕ ಮಾಡೋಣ. 6 ಕಿಲೋಗ್ರಾಂ ಪ್ರೋಪೇನ್ ಪೂರ್ತಿಯಾಗಿ ಆವಿಯಾದರೆ ಮೂರು ಘನ ಮೀಟರಿಗೂ ಸ್ವಲ್ಪ ಹೆಚ್ಚು ಅನಿಲ ಆಗುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಪ್ರೋಪೇನ್ ಬೆರೆತರೆ ಸಾಕು, ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ. ಎಂದರೆ ಒಂದು ಚಿಕ್ಕ ಸಿಲಿಂಡರು 150 ಘನ ಮೀಟರ್ ಗಾಳಿಯನ್ನು, ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಒಂದು ಕೋಣೆಯ ಗಾಳಿಯನ್ನು, ಸ್ಫೋಟಕವನ್ನಾಗಿ ಮಾಡಬಲ್ಲುದು.

ಒಲೆಯ ತಿರುಪನ್ನು ಮುಚ್ಚಿದರೆ ಸಾಲದು. ಸಿಲಿಂಡರಿನಿಂದ ಒಲೆಯ ತನಕ ಇರುವ ಕೊಳವೆ, ರಬ್ಬರು ನಳಿಕೆ, ಕೀಲುಗಳು ಎಲ್ಲವೂ ಆಗ ಒತ್ತಡದಲ್ಲಿಯೇ ಇರುತ್ತವೆ. ಸಿಲಿಂಡರಿನ ಬಾಯಿಯಲ್ಲಿಯೇ ಮುಚ್ಚಬೇಕು, ಮುಚ್ಚಿದ ಮೇಲೆ ಕೈಯಿಂದ ಮುಟ್ಟಿ ನೋಡಬೇಕು. ಹಡಗಿನ ವಾಹನದಂತಸ್ತುಗಳಲ್ಲಿ ದೊಡ್ಡ ಬೀಸಣಿಗೆಗಳು ಗಾಳಿಯನ್ನು ಬದಲಿಸುತ್ತಿರುತ್ತವೆ. ಆದರೆ ಬೀಸಣಿಗೆಯು ತಿರುಪಿಗೆ ಬದಲಿಯಲ್ಲ.

ತಂಪುಪೆಟ್ಟಿಗೆಯ ಸಮಸ್ಯೆ

ಅನಿಲ ಮುಚ್ಚಿದೊಡನೆ ಇನ್ನೊಂದು ಪ್ರಶ್ನೆ ಏಳುತ್ತದೆ. ಬಹುಪಾಲು ಕ್ಯಾರವಾನುಗಳ ತಂಪುಪೆಟ್ಟಿಗೆ ಅನಿಲದ ಜ್ವಾಲೆಯಿಂದಲೂ ನಡೆಯುತ್ತದೆ. ಬೆಂಕಿಯಿಂದ ತಂಪು ಹುಟ್ಟುವುದು ಹೇಗೆಂದು ಓದುಗರಿಗೆ ಆಶ್ಚರ್ಯವಾಗಬಹುದು. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಇದನ್ನು ಸಾಧಿಸಿದರು. ಶಾಖವು ನೀರಿನಲ್ಲಿ ಕರಗಿದ ಅಮೋನಿಯವನ್ನು ಹೊರಗೆಡಹುತ್ತದೆ. ಆ ಅಮೋನಿಯ ತಣಿದು ದ್ರವವಾಗಿ, ಮತ್ತೆ ಜಲಜನಕದ ನಡುವೆ ಆವಿಯಾಗುವಾಗ ಪೆಟ್ಟಿಗೆಯ ಶಾಖವನ್ನು ಹೀರುತ್ತದೆ. ಕೊನೆಗೆ ನೀರಿನಲ್ಲಿ ಕರಗಿ ಮೊದಲಿನ ಜಾಗಕ್ಕೆ ಮರಳುತ್ತದೆ. ಈ ಯಂತ್ರದಲ್ಲಿ ತಿರುಗುವ ಭಾಗ ಒಂದೂ ಇಲ್ಲ.

ಹಡಗಿನಲ್ಲಿ ಜ್ವಾಲೆ ಉರಿಸುವಂತಿಲ್ಲ, ಎಂಜಿನು ನಿಂತಿರುವುದರಿಂದ ಅದರ ವಿದ್ಯುತ್ತೂ ಇಲ್ಲ. ಉಳಿದಿರುವ ಉಪಾಯ ಮಂಜುಗಡ್ಡೆ. ಪೆಟ್ಟಿಗೆಯ ಗೋಡೆಗಳ ಮೂಲಕ ಸೆಕೆಂಡಿಗೆ 20 ಜೂಲ್ ಶಾಖ ಒಳನುಸುಳುತ್ತದೆಂದು ಇಟ್ಟುಕೊಳ್ಳೋಣ. ಒಂದೂವರೆ ಗಂಟೆಯಲ್ಲಿ ಅದು 108 ಕಿಲೋಜೂಲ್ ಆಗುತ್ತದೆ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಬೇಕು. ಕ್ಯಾಲೆಗೆ ಹೋಗುವವರಿಗೆ ಇದರ ಮೂರನೆಯ ಒಂದು ಪಾಲು ಮಂಜು ಸಾಕು. ಆದರೆ ಪೋರ್ಟ್ಸ್‌ಮತ್ತಿನಿಂದ ಸ್ಪೇನಿನ ಸಾಂಟಾಂಡೇರಿಗೆ ಹೋಗುವ ಹಡಗು ಒಂದು ಹಗಲು ಒಂದು ರಾತ್ರಿಗೂ ಮಿಕ್ಕು ಕಡಲಲ್ಲಿರುತ್ತದೆ. 24 ಗಂಟೆಗೆ ಲೆಕ್ಕ ಹಾಕಿದರೆ ಐದು ಕಿಲೋಗ್ರಾಮಿಗೂ ಹೆಚ್ಚು ಮಂಜುಗಡ್ಡೆ ಬೇಕು. ಹಿಂದಿನ ರಾತ್ರಿಯೇ ನೀರಿನ ಸೀಸೆಗಳನ್ನು ಹೆಪ್ಪುಗಟ್ಟಿಸಿ ಇಡುವವನು ಗುಪ್ತೋಷ್ಣದ ಪಾಠವನ್ನು ಚೆನ್ನಾಗಿ ಕಲಿತವನು.

ಪೆಟ್ಟಿಗೆಯೊಳಗೆ ಏನಿದೆಯೆಂಬುದೂ ಮುಖ್ಯ. 2021ರ ಜನವರಿಯಲ್ಲಿ ಬ್ರಿಟನ್ನು ಯೂರೋಪು ಒಕ್ಕೂಟದ ಮಾರುಕಟ್ಟೆಯಿಂದ ಹೊರಬಂದಾಗ ಅಲ್ಲಿನ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಭೂಖಂಡಕ್ಕೆ ಒಯ್ಯುವುದು ನಿಷಿದ್ಧವಾಯಿತು. ಕಾಲುಬಾಯಿ ರೋಗದಂಥ ದನಗಳ ವ್ಯಾಧಿಗಳ ವೈರಸ್ಸು ಇಂಥ ಪದಾರ್ಥಗಳಲ್ಲಿ ಬದುಕಿರಬಲ್ಲುದು. 2001ರಲ್ಲಿ ಬ್ರಿಟನ್ನಿನಲ್ಲಿ ಈ ರೋಗವನ್ನು ಅಡಗಿಸಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

ಅಂತಸ್ತಿನ ಮೇಲೆ ನೀರು

ಹಡಗು ಹೊರಟ ಮೇಲೆ ಪ್ರಯಾಣಿಕರು ತಮ್ಮ ಗಾಲಿಮನೆಯಲ್ಲಿಯೇ ಮಲಗಿರಬಹುದಲ್ಲವೆ? ಕೂಡದು. ವಾಹನದಂತಸ್ತು ಹಡಗಿನ ಅತ್ಯಂತ ಅಪಾಯಕರವಾದ ಸ್ಥಳ. ಏಕೆಂಬುದನ್ನು ತಿಳಿಯಲು, ಹಡಗು ಮಗುಚದೆ ನಿಲ್ಲುವುದು ಹೇಗೆಂಬುದನ್ನು ನೋಡಬೇಕು.

ಹಡಗಿನ ತೂಕ ಅದರ ಗುರುತ್ವಕೇಂದ್ರದಲ್ಲಿ ಕೆಳಮುಖವಾಗಿ ಎಳೆಯುತ್ತದೆ. ನೀರಿನ ಒತ್ತು, ಮುಳುಗಿದ ಭಾಗದ ಕೇಂದ್ರದಲ್ಲಿ ಮೇಲ್ಮುಖವಾಗಿ ತಳ್ಳುತ್ತದೆ. ಹಡಗು ಬಲಕ್ಕೆ ವಾಲಿದಾಗ ಬಲಗಡೆಯ ಒಡಲು ಹೆಚ್ಚು ಮುಳುಗುವುದರಿಂದ ಒತ್ತಿನ ಕೇಂದ್ರವೂ ಬಲಕ್ಕೆ ಸರಿದು ಹಡಗನ್ನು ಎತ್ತಿ ನಿಲ್ಲಿಸುತ್ತದೆ. ಈ ಒತ್ತಿನ ರೇಖೆ ಹಡಗಿನ ನಡುರೇಖೆಯನ್ನು ಛೇದಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಗುರುತ್ವಕೇಂದ್ರ ಈ ಬಿಂದುವಿಗಿಂತ ಕೆಳಗಿದ್ದರೆ ಹಡಗು ನೆಟ್ಟಗಾಗುತ್ತದೆ, ಮೇಲೆ ಹೋದರೆ ಮಗುಚುತ್ತದೆ. ಈ ತತ್ತ್ವವನ್ನು 1746ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಪಿಯರ್ ಬುಗೇ. ಭೂಮಿಯ ಆಕಾರವನ್ನು ಅಳೆಯಲು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೆ ಹೋಗಿದ್ದಾಗ ಅವನು ಹಡಗುಗಳ ಕುರಿತು ಚಿಂತಿಸುತ್ತಿದ್ದನೆಂಬುದು ಸ್ವಾರಸ್ಯದ ಸಂಗತಿ.

ಈಗ ಅಂತಸ್ತಿನ ಮೇಲೆ ನೀರು ಬಂದಿತೆನ್ನೋಣ. 100 ಮೀಟರ್ ಉದ್ದ, 20 ಮೀಟರ್ ಅಗಲದ ಅಂತಸ್ತಿನ ಮೇಲೆ ಕೇವಲ 10 ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 200 ಟನ್ನು. ತೂಕಕ್ಕಿಂತ ಅದರ ಚಲನೆಯೇ ಹೆಚ್ಚಿನ ಕೇಡು. ಚೊಂಬಿನಲ್ಲಿ ನೀರು ಹಿಡಿದು ನಡೆಯುವುದು ಸುಲಭ. ಅದೇ ನೀರನ್ನು ಅಗಲವಾದ ಹರಿವಾಣದಲ್ಲಿ ಹಿಡಿದು ನಡೆದು ನೋಡಿರಿ. ಕೈ ಸ್ವಲ್ಪ ವಾಲಿದರೆ ಸಾಕು, ನೀರೆಲ್ಲ ಒಂದು ಅಂಚಿಗೆ ನುಗ್ಗಿ ಹರಿವಾಣವನ್ನು ಇನ್ನೂ ವಾಲಿಸುತ್ತದೆ. ಇದರ ಪರಿಣಾಮ ಗುರುತ್ವಕೇಂದ್ರವನ್ನು ಮೇಲಕ್ಕೆ ಎತ್ತಿದಂತೆಯೇ. ಅದು ಅಗಲದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ನಡುವೆ ಉದ್ದಕ್ಕೂ ಒಂದು ಗೋಡೆ ಕಟ್ಟಿ ಅಂತಸ್ತನ್ನು ಎರಡು ಮಾಡಿದರೆ ಒಂದೊಂದು ಭಾಗದ ಪರಿಣಾಮ ಎಂಟನೆಯ ಒಂದಕ್ಕೆ ಇಳಿಯುತ್ತದೆ, ಎರಡೂ ಸೇರಿ ಮೊದಲಿನ ಕಾಲು ಭಾಗ ಮಾತ್ರ. ಆದರೆ ವಾಹನಗಳು ಸರಾಗವಾಗಿ ಓಡಾಡಲೆಂದು ಇಂಥ ಹಡಗುಗಳಲ್ಲಿ ಗೋಡೆಗಳನ್ನೇ ಬಿಟ್ಟಿದ್ದರು. ಅನುಕೂಲದೊಳಗೆ ಅಡಗಿದ ಅಪಾಯವೆಂದು ನಾವು ಮೊದಲು ಹೇಳಿದುದು ಇದನ್ನೇ.

1953ರ ಜನವರಿ 31ರಂದು, ಡೋವರಿನ ಹೊಸ ಧಕ್ಕೆ ತೆರೆಯುವುದಕ್ಕೆ ಐದು ತಿಂಗಳು ಮೊದಲು, ಸ್ಕಾಟ್ಲೆಂಡಿನಿಂದ ಉತ್ತರ ಐರ್ಲೆಂಡಿಗೆ ಹೊರಟಿದ್ದ ಪ್ರಿನ್ಸೆಸ್ ವಿಕ್ಟೋರಿಯಾ ಹಡಗಿನ ಹಿಂಬಾಗಿಲನ್ನು ಬಿರುಗಾಳಿಯ ಅಲೆಗಳು ಮುರಿದುವು. ನೀರು ವಾಹನದಂತಸ್ತನ್ನು ಹೊಕ್ಕಿತು. 130ಕ್ಕೂ ಹೆಚ್ಚು ಮಂದಿ ಮಡಿದರು.

ಮೂವತ್ತನಾಲ್ಕು ವರ್ಷಗಳ ತರುವಾಯ, 1987ರ ಮಾರ್ಚ್ 6ರ ಸಂಜೆ, ಬೆಲ್ಜಿಯಮಿನ ಜೀಬ್ರುಗ್ಗೆ ಬಂದರಿನಿಂದ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಹಡಗು ಡೋವರಿಗೆ ಹೊರಟಿತು. ಕಡಲು ಶಾಂತವಾಗಿತ್ತು. ಅಂದು ದೊಡ್ಡ ಉಬ್ಬರ. ಅಲ್ಲಿಯ ಸೇತುವೆ ಹಡಗಿನ ಮೇಲಿನ ವಾಹನದಂತಸ್ತನ್ನು ಮುಟ್ಟುತ್ತಿರಲಿಲ್ಲ. ಆದುದರಿಂದ ಮುಂಭಾಗದ ತೊಟ್ಟಿಗಳಿಗೆ ನೀರು ತುಂಬಿ ಹಡಗಿನ ಮೂತಿಯನ್ನು ತಗ್ಗಿಸಿದ್ದರು. ಹೊರಡುವಾಗ ಆ ನೀರು ಪೂರ್ತಿಯಾಗಿ ಹೊರಹೋಗಿರಲಿಲ್ಲ. ಮುಂಬಾಗಿಲನ್ನು ಮುಚ್ಚಬೇಕಾಗಿದ್ದ ನಾವಿಕನು ತನ್ನ ಕೋಣೆಯಲ್ಲಿ ನಿದ್ರಿಸುತ್ತಿದ್ದನು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬುದನ್ನು ತೋರಿಸುವ ದೀಪ ಕಪ್ತಾನನ ಮುಂದೆ ಇರಲಿಲ್ಲ. ಮುಚ್ಚಿಲ್ಲವೆಂದು ಯಾರೂ ಬಂದು ಹೇಳಲಿಲ್ಲ, ಆದುದರಿಂದ ಮುಚ್ಚಿದೆಯೆಂದೇ ಎಲ್ಲರೂ ಭಾವಿಸಿದರು. ಬಂದರಿನ ಹೊರಗೋಡೆಯನ್ನು ದಾಟಿ ವೇಗ ಹೆಚ್ಚಿಸಿದೊಡನೆ ಮೂತಿಯಲ್ಲಿ ಎದ್ದ ಅಲೆ ತೆರೆದ ಬಾಗಿಲಿನೊಳಗೆ ನುಗ್ಗಿತು. ಕೆಲವೇ ನಿಮಿಷಗಳಲ್ಲಿ ಹಡಗು ಪಕ್ಕಕ್ಕೆ ಉರುಳಿತು. 193 ಮಂದಿ ಸತ್ತರು.

1994ರ ಸೆಪ್ಟೆಂಬರ್ 28ರಂದು ಬಾಲ್ಟಿಕ್ ಕಡಲಿನಲ್ಲಿ ಎಸ್ಟೋನಿಯ ಎಂಬ ಹಡಗಿನ ಮುಂಭಾಗದ ಕವಚವು ಬಿರುಗಾಳಿಯ ಅಲೆಗಳಿಗೆ ಕಿತ್ತುಹೋಗಿ 852 ಮಂದಿ ಮಡಿದರು.

ಈ ದುರಂತಗಳಿಂದ ನಿಯಮಗಳು ಬದಲಾದುವು. ಬಾಗಿಲುಗಳ ಸ್ಥಿತಿಯನ್ನು ತೋರಿಸುವ ದೀಪಗಳು ಕಪ್ತಾನನ ಮುಂದೆ ಇರಬೇಕೆಂದು ಅಂತರರಾಷ್ಟ್ರೀಯ ನಿಯಮವಾಯಿತು. 1996ರಲ್ಲಿ ವಾಯವ್ಯ ಯೂರೋಪಿನ ದೇಶಗಳು ಸ್ಟಾಕ್‌ಹೋಮಿನಲ್ಲಿ ಒಂದು ಒಪ್ಪಂದ ಮಾಡಿಕೊಂಡುವು. ಅದರಂತೆ, ಒಡಲಿಗೆ ಪೆಟ್ಟಾದ ಹಡಗು ವಾಹನದಂತಸ್ತಿನ ಮೇಲೆ ಗೊತ್ತಾದ ಪ್ರಮಾಣದ ನೀರು ನಿಂತರೂ ಮಗುಚದಂತಿರಬೇಕು. ಈ ನೀರಿನ ಆಳವನ್ನು ಅರ್ಧ ಮೀಟರಿನ ತನಕ ಲೆಕ್ಕ ಹಿಡಿಯುತ್ತಾರೆ.

ಆಚೆಯ ದಡ

ಕ್ಯಾಲೆಯಲ್ಲಿ ಇಳಿದೊಡನೆ ರಸ್ತೆಯ ಪಕ್ಕವೇ ಬದಲಾಗುತ್ತದೆ. ಬ್ರಿಟನ್ನಿನಲ್ಲಿ, ನಮ್ಮಲ್ಲಿಯಂತೆ, ವಾಹನಗಳು ಎಡಗಡೆ ನಡೆಯುತ್ತವೆ, ಫ್ರಾನ್ಸಿನಲ್ಲಿ ಬಲಗಡೆ. ಇದರಿಂದ ಕಾರಿನ ದೀಪಕ್ಕೆ ಒಂದು ತೊಡಕು. ಎಡಗಡೆ ನಡೆಯುವ ಕಾರಿನ ತಗ್ಗಿಸಿದ ದೀಪದ ಬೆಳಕು ಎರಡು ಪಕ್ಕಕ್ಕೂ ಸಮನಾಗಿರುವುದಿಲ್ಲ. ಬಲಗಡೆಯಿಂದ ಎದುರು ಬರುವವರ ಕಣ್ಣು ಕುಕ್ಕದಂತೆ ಆ ಕಡೆ ತಗ್ಗಾಗಿಯೂ, ಪಾದಚಾರಿಗಳು ಕಾಣಲೆಂದು ಎಡಗಡೆ ಸ್ವಲ್ಪ ಮೇಲಕ್ಕೂ ಬೀಳುತ್ತದೆ. ಈ ದೀಪವನ್ನೇ ಬಲಗಡೆಯ ರಸ್ತೆಗೆ ಒಯ್ದರೆ ಮೇಲೆದ್ದ ಬೆಳಕು ನೇರವಾಗಿ ಎದುರಾಳಿಯ ಕಣ್ಣಿಗೆ. ಆದುದರಿಂದ ಕಡಲು ದಾಟುವ ಮುನ್ನ ದೀಪದ ಗಾಜಿನ ಮೇಲೆ ಬೆಳಕನ್ನು ತಿರುಗಿಸುವ ಇಲ್ಲವೆ ಮರೆಮಾಡುವ ಚಿಕ್ಕ ಅಂಟುಪಟ್ಟಿಗಳನ್ನು ಅಂಟಿಸುತ್ತಾರೆ. ಕೆಲವು ಕಾರುಗಳಲ್ಲಿ ದೀಪವನ್ನೇ ಹೊಂದಿಸುವ ಸೌಕರ್ಯ ಉಂಟು.

ಹೀಗೆ ಮನೆಯೊಂದನ್ನು ಕಡಲಾಚೆಗೆ ಸಾಗಿಸುವ ಸಿದ್ಧತೆಯೆಲ್ಲ, ಹೊರಳುವ ಹಡಗಿನಲ್ಲಿ ಯಾವುದೂ ತನ್ನಿಚ್ಛೆಯಂತೆ ಚಲಿಸದಂತೆ ನೋಡಿಕೊಳ್ಳುವ ಕೆಲಸವೇ. ತೂಕ ಜಾರಬಾರದು, ಅನಿಲ ಸೋರಬಾರದು, ನೀರು ಹರಿದಾಡಬಾರದು. ಜೀಬ್ರುಗ್ಗೆಯ ಆ ಸಂಜೆ ಒಬ್ಬನು ಎದ್ದು ಹೋಗಿ ಮುಂಬಾಗಿಲನ್ನು ಕಣ್ಣಾರೆ ನೋಡಿ ಬಂದಿದ್ದರೆ 193 ಜೀವಗಳು ಉಳಿಯುತ್ತಿದ್ದುವು. ಸಿಲಿಂಡರಿನ ತಿರುಪನ್ನು ಮುಚ್ಚಿದ ನೆನಪಿದ್ದರೂ ಇನ್ನೊಮ್ಮೆ ಹೋಗಿ ಕೈಯಿಂದ ಮುಟ್ಟಿ ನೋಡಿ ಬರುವ ಪ್ರಯಾಣಿಕನನ್ನು ಕಂಡು ನಾವು ನಗಬಾರದು. ಅಡಿಗೆಮನೆಯ ದೀಪ ಆರಿಸುವ ಮುನ್ನ ನಮ್ಮ ತಾಯಂದಿರು ದಿನವೂ ರಾತ್ರಿ ಮಾಡುವ ಕೆಲಸವೂ ಇದೇ ಅಲ್ಲವೆ?